ಕಾನೂನು ಪಾಸಾಯಿತು, ಆಮೇಲೆ ನೋಡುವವರು ಯಾರು?

ಓದುಗರ ಪ್ರಶ್ನೆ – ಉತ್ತರ

ಜಾರಿಯಲ್ಲಿರುವ ಕಾನೂನುಗಳನ್ನು ಶಾಸಕಾಂಗದ ಸಮಿತಿಗಳು ಹೇಗೆ ಪರಿಶೀಲಿಸುತ್ತವೆ, ವರದಿ ಹೇಗೆ ತಯಾರಾಗುತ್ತದೆ, ಅದರಿಂದ ಏನಾಗುತ್ತದೆ? ಈ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಪತ್ರಗಳಿಂದ ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ದಾವಣಗೆರೆಯಲ್ಲಿ ಮಿರ್ಚಿ-ಮಂಡಕ್ಕಿ ಗಾಡಿ ಇಟ್ಟುಕೊಂಡಿದ್ದೇನೆ. ಬೀದಿ ವ್ಯಾಪಾರಿಗಳಿಗೆ ಒಂದು ಕಾಯ್ದೆ ಇದೆ ಎನ್ನುತ್ತಾರೆ. ಗಾಡಿ ತೆಗೆಯಿರಿ ಎಂದು ಯಾರಾದರೂ ಬಂದರೆ ಅದರಲ್ಲಿ ಏನಿದೆ ಎಂದು ಹೇಳಲು ನಮಗೆ ಬರುವುದಿಲ್ಲ. ಕಾಯ್ದೆ ಮಾಡಿದವರು ಅದು ನಡೆಯುತ್ತಿದೆಯೇ ಎಂದು ಮತ್ತೆ ನೋಡುತ್ತಾರೆಯೇ?
– ಬೀದಿ ವ್ಯಾಪಾರಿ, ದಾವಣಗೆರೆ

ಉತ್ತರ: ನೋಡುತ್ತಾರೆ. ನಿಮ್ಮ ಕಾಯ್ದೆಯನ್ನೇ ನೋಡಿದ್ದಾರೆ. ಬೀದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಕಾಯ್ದೆ 2014ರ ಮೇ 1ರಂದು ಜಾರಿಗೆ ಬಂತು. ಸಂಸತ್ತಿನ ನಗರಾಭಿವೃದ್ಧಿ ಸ್ಥಾಯಿ ಸಮಿತಿ ಅದರ ಅನುಷ್ಠಾನವನ್ನು ಪರಿಶೀಲಿಸಿ 2021ರ ಫೆಬ್ರುವರಿಯಲ್ಲಿ ವರದಿ ಮಂಡಿಸಿತು. ಇಂಥ ಇಲಾಖಾವಾರು ಸ್ಥಾಯಿ ಸಮಿತಿಗಳು ಸಂಸತ್ತಿನಲ್ಲಿ 24 ಇವೆ. ಪ್ರತಿಯೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಮಂತ್ರಿಗಳಿಗೆ ಅಲ್ಲಿ ಸ್ಥಾನವಿಲ್ಲ.

ಪರಿಶೀಲನೆ ಹೀಗೆ ನಡೆಯುತ್ತದೆ. ಸಮಿತಿ ವರ್ಷದ ಆರಂಭದಲ್ಲಿ ವಿಷಯಗಳನ್ನು ಆರಿಸಿಕೊಳ್ಳುತ್ತದೆ. ಇಲಾಖೆಯಿಂದ ಹಿನ್ನೆಲೆ ಟಿಪ್ಪಣಿ ತರಿಸಿಕೊಂಡು, ಅದನ್ನು ಓದಿ ಪ್ರಶ್ನಾವಳಿ ಕಳಿಸುತ್ತದೆ. ಲಿಖಿತ ಉತ್ತರ ಬಂದ ಮೇಲೆ ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ ಮೌಖಿಕ ಸಾಕ್ಷ್ಯ ಪಡೆಯುತ್ತದೆ. ಸಂಘಟನೆಗಳನ್ನೂ ವಿಷಯ ಬಲ್ಲವರನ್ನೂ ಕರೆಸಬಹುದು, ಸ್ಥಳಕ್ಕೂ ಹೋಗಬಹುದು. ಆಮೇಲೆ ಸಮಿತಿಗೆ ನೆರವಾಗುವ ಸಂಸತ್ತಿನ ಸಚಿವಾಲಯ ಕರಡು ವರದಿ ಬರೆಯುತ್ತದೆ. ಅಧ್ಯಕ್ಷರು ನೋಡಿದ ಕರಡನ್ನು ಸಮಿತಿ ತನ್ನ ಸಭೆಯಲ್ಲಿ ಅಂಗೀಕರಿಸಿ ಸದನಕ್ಕೆ ಒಪ್ಪಿಸುತ್ತದೆ.

ಈ ಕಾಯ್ದೆಯಲ್ಲಿ ಸಮಿತಿ ಹುಡುಕುವುದು ಕೆಲವು ನಿರ್ದಿಷ್ಟ ಅಂಶಗಳನ್ನು. ಕಾಯ್ದೆ ಜಾರಿಯಾದ ಒಂದು ವರ್ಷದೊಳಗೆ ರಾಜ್ಯ ನಿಯಮ ಮಾಡಬೇಕಿತ್ತು, ಆರು ತಿಂಗಳೊಳಗೆ ಯೋಜನೆ ರೂಪಿಸಬೇಕಿತ್ತು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಆ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸುವುದಾದರೆ 30 ದಿನಗಳ ನೋಟಿಸು ಕೊಡಬೇಕು. ಇಷ್ಟರಲ್ಲಿ ಯಾವ ಕೊಂಡಿ ಕಳಚಿದೆ ಎಂದು ಕಂಡುಹಿಡಿದರೆ ಕಾಯ್ದೆ ಯಾಕೆ ನಡೆಯುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಬಹುಪಾಲು ಕಾಯ್ದೆಗಳು ಸೋರುವುದು ನಿಯಮ ಮಾಡುವ ಹಂತದಲ್ಲೇ. ಕಾಯ್ದೆಯ ಮಾತು ಚೆನ್ನಾಗಿಯೇ ಇರುತ್ತದೆ.

ಸಮೀಕ್ಷೆಯಲ್ಲಿ ನಿಮ್ಮ ಹೆಸರು ಇದೆಯೇ, ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂಬುದನ್ನು ಇವತ್ತೇ ನೋಡಿಕೊಳ್ಳಿ. ಪಟ್ಟಣ ವ್ಯಾಪಾರ ಸಮಿತಿಯ ಸಭಾ ನಡಾವಳಿಯ ಪ್ರತಿ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಅಧಿನಿಯಮ, ನಿಯಮ, ಅಧಿಸೂಚನೆ, ಸುತ್ತೋಲೆ ಇವುಗಳಲ್ಲಿ ವಿಧಾನಮಂಡಲದ ಸಮಿತಿ ಯಾವುದನ್ನು ಪರಿಶೀಲಿಸುತ್ತದೆ? ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಿದೆ.
– ಉಪನ್ಯಾಸಕಿ, ಜಗಳೂರು

ಉತ್ತರ: ಅಧಿನಿಯಮವನ್ನು, ಅಂದರೆ ಕಾಯ್ದೆಯನ್ನು, ಸದನ ಮಾಡುತ್ತದೆ. ಆದರೆ ಅರ್ಜಿ ನಮೂನೆ ಯಾವುದು, ಶುಲ್ಕ ಎಷ್ಟು, ಎಷ್ಟು ದಿನದೊಳಗೆ, ಯಾವ ಅಧಿಕಾರಿ ಎಂಬುದನ್ನೆಲ್ಲ ಸರ್ಕಾರಕ್ಕೆ ಬಿಟ್ಟುಕೊಡುತ್ತದೆ. ಆ ಅಧಿಕಾರ ಬಳಸಿ ಇಲಾಖೆ ಮಾಡುವ ನಿಯಮ, ವಿನಿಯಮ, ಉಪವಿಧಿ, ಶಾಸನಬದ್ಧ ಅಧಿಸೂಚನೆಗಳಿಗೆ ಅಧೀನ ಶಾಸನ ಎಂದು ಹೆಸರು. ಇವನ್ನು ನೋಡುವುದು ಅಧೀನ ಶಾಸನ ರಚನಾ ಸಮಿತಿ. ಸುತ್ತೋಲೆ ಇಲಾಖೆಯ ಒಳಗಿನ ಸೂಚನೆ, ಅದು ಶಾಸನವಲ್ಲ. ಆದರೆ ನಿಯಮದಲ್ಲಿ ಇಲ್ಲದ ಷರತ್ತನ್ನು ಸುತ್ತೋಲೆಯಲ್ಲಿ ಸೇರಿಸಿದ್ದರೆ ಅದನ್ನು ಸಮಿತಿ ಎತ್ತಿ ಹೇಳಬಹುದು. ಇದು ಆಗಾಗ ಆಗುವಂಥದ್ದೇ.

ಸಮಿತಿ ಕೇಳುವ ಪ್ರಶ್ನೆಗಳು ಲೋಕಸಭೆಯ ನಿಯಮಾವಳಿಯಲ್ಲಿ ಸ್ಪಷ್ಟವಾಗಿವೆ, ರಾಜ್ಯಗಳ ಸಮಿತಿಗಳೂ ಅದೇ ಜಾಡಿನಲ್ಲಿ ನಡೆಯುತ್ತವೆ. ನಿಯಮವು ಸಂವಿಧಾನಕ್ಕೂ ಮೂಲ ಅಧಿನಿಯಮದ ಉದ್ದೇಶಕ್ಕೂ ಹೊಂದುತ್ತದೆಯೇ? ಅಧಿನಿಯಮದಲ್ಲೇ ಇರಬೇಕಾದ ದೊಡ್ಡ ವಿಷಯವನ್ನು ನಿಯಮದಲ್ಲಿ ತುರುಕಲಾಗಿದೆಯೇ? ತೆರಿಗೆ ಹಾಕುತ್ತದೆಯೇ? ನ್ಯಾಯಾಲಯದ ಬಾಗಿಲು ಮುಚ್ಚುತ್ತದೆಯೇ? ಅಧಿನಿಯಮ ಅವಕಾಶ ಕೊಡದಿದ್ದರೂ ಹಿಂದಿನ ದಿನಾಂಕದಿಂದ ಜಾರಿಗೆ ತರುತ್ತಿದೆಯೇ? ಸಂಚಿತ ನಿಧಿಯಿಂದ (ಸರ್ಕಾರದ ಮುಖ್ಯ ಖಜಾನೆ) ಖರ್ಚು ಬೇಡುತ್ತದೆಯೇ? ಕೊಟ್ಟ ಅಧಿಕಾರವನ್ನು ಅಸಾಮಾನ್ಯ ರೀತಿಯಲ್ಲಿ ಬಳಸಲಾಗಿದೆಯೇ? ಪ್ರಕಟಣೆ ಅಥವಾ ಮಂಡನೆಯಲ್ಲಿ ಕಾರಣವಿಲ್ಲದೆ ತಡವಾಗಿದೆಯೇ? ನಿಯಮದ ಮಾತು ಅರ್ಥವಾಗದಂತಿದ್ದು ವಿವರಣೆ ಬೇಕೇ?

ತರಗತಿಗೆ ಒಂದು ಅಭ್ಯಾಸ ಕೊಡಬಹುದು. ಯಾವುದೇ ನಿಯಮಾವಳಿಯ ಮೊದಲ ಪುಟದಲ್ಲಿ ‘ಇಂಥ ಅಧಿನಿಯಮದ ಇಂಥ ಪ್ರಕರಣದಿಂದ ಪ್ರದತ್ತವಾದ ಅಧಿಕಾರಗಳನ್ನು ಚಲಾಯಿಸಿ’ ಎಂಬ ಸಾಲು ಇರುತ್ತದೆ. ಆ ಪ್ರಕರಣವನ್ನು (ಸೆಕ್ಷನ್) ತೆಗೆದು ಓದಲಿ. ನಂತರ ನಿಯಮದ ಒಂದೊಂದು ಉಪನಿಯಮವೂ ಆ ಪ್ರಕರಣದ ಯಾವ ಮಾತಿನಿಂದ ಹುಟ್ಟಿದೆ ಎಂದು ಬೆರಳಿಟ್ಟು ತೋರಿಸಲಿ. ಬೆರಳಿಡಲು ಜಾಗ ಸಿಗದ ಉಪನಿಯಮವೇ ಸಮಿತಿಯ ಕೆಲಸ ಶುರುವಾಗುವ ಸ್ಥಳ. ಅಧಿನಿಯಮಗಳ ಪಠ್ಯ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಪ್ರಶ್ನೆ: ನಿಯಮಗಳನ್ನು ಸದನದ ಮುಂದೆ ಮಂಡಿಸಬೇಕು ಎಂದು ಅಧಿನಿಯಮದಲ್ಲಿದೆ. ಮಂಡಿಸದೇ ಬಿಟ್ಟರೆ ನಿಯಮ ಬಿದ್ದುಹೋಗುತ್ತದೆಯೇ?
– ಕಿರಿಯ ವಕೀಲರು, ಹಿರಿಯೂರು

ಉತ್ತರ: ಅಧಿನಿಯಮದ ಕೊನೆಯ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು ಇದು: ನಿಯಮ ಮಾಡಿದ ಮೇಲೆ ಆದಷ್ಟು ಬೇಗ, ವಿಧಾನಮಂಡಲದ ಪ್ರತಿ ಸದನದ ಮುಂದೆ, ಒಂದೇ ಅಧಿವೇಶನದಲ್ಲಾಗಲಿ ಒಂದಾದ ಮೇಲೊಂದು ಬರುವ ಅಧಿವೇಶನಗಳಲ್ಲಾಗಲಿ ಒಟ್ಟು 30 ದಿನಗಳ ಕಾಲ ಇಡಬೇಕು. ಎರಡೂ ಸದನಗಳು ಒಪ್ಪಿ ಮಾರ್ಪಡಿಸಿದರೆ ಅಥವಾ ನಿಯಮವೇ ಬೇಡವೆಂದರೆ ಅಲ್ಲಿಂದ ಮುಂದೆ ಹಾಗೆಯೇ ನಡೆಯಬೇಕು. ಅದಕ್ಕೆ ಮುಂಚೆ ಆ ನಿಯಮದಡಿ ಆದ ಕೆಲಸಕ್ಕೆ ಬಾಧಕವಿಲ್ಲ.

ಮಂಡಿಸದಿದ್ದರೆ ಏನು ಎಂಬುದಕ್ಕೆ ಅಟ್ಲಾಸ್ ಸೈಕಲ್ ಇಂಡಸ್ಟ್ರೀಸ್ ಮತ್ತು ಹರಿಯಾಣ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ (1979) ಸುಪ್ರೀಂ ಕೋರ್ಟ್ ಉತ್ತರಿಸಿದೆ. ಬರೀ ‘ಮಂಡಿಸತಕ್ಕದ್ದು’ ಎಂದಿದ್ದು, ಮಂಡಿಸದಿದ್ದರೆ ಇಂಥ ಪರಿಣಾಮ ಎಂದು ಹೇಳಿರದಿದ್ದರೆ ಅದು ನಿರ್ದೇಶನಾತ್ಮಕ. ಮಂಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಆದೇಶ ಅಸಿಂಧುವಾಗದು. ಹಾಗಾಗಿ ನಿಮ್ಮ ರಿಟ್ ಅರ್ಜಿಯಲ್ಲಿ ಇದೊಂದನ್ನೇ ಆಧಾರ ಮಾಡಿಕೊಳ್ಳಬೇಡಿ. ಸದನದ ಅನುಮೋದನೆ ಸಿಕ್ಕ ಮೇಲೆಯೇ ಜಾರಿ ಎಂದು ಅಧಿನಿಯಮ ಹೇಳಿದ್ದರೆ ಮಾತು ಬೇರೆ. ಆಗ ಅನುಮೋದನೆಯಿಲ್ಲದೆ ನಿಯಮಕ್ಕೆ ಜೀವವಿಲ್ಲ.

ಇದಕ್ಕಿಂತ ಗಟ್ಟಿ ಆಧಾರ ಪೂರ್ವ ಪ್ರಕಟಣೆಯದು. ‘ಪೂರ್ವ ಪ್ರಕಟಣೆಯ ತರುವಾಯ’ ನಿಯಮ ಮಾಡಬೇಕೆಂದು ಅಧಿನಿಯಮ ಹೇಳಿದ್ದರೆ, ಸಾಮಾನ್ಯ ಖಂಡಗಳ ಅಧಿನಿಯಮದ 23ನೇ ಪ್ರಕರಣದಂತೆ ಕರಡನ್ನು ಪ್ರಕಟಿಸಿ, ಯಾವ ದಿನಾಂಕದ ನಂತರ ಪರಿಶೀಲಿಸುತ್ತೇವೆಂದು ತಿಳಿಸಿ, ಬಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಪರಿಗಣಿಸಲೇಬೇಕು. ಅಂತಿಮ ಅಧಿಸೂಚನೆಯ ಪೀಠಿಕೆಯಲ್ಲಿ ಕರಡಿನ ಸಂಖ್ಯೆ, ರಾಜ್ಯಪತ್ರದ (ಗೆಜೆಟ್) ದಿನಾಂಕ, ಆಕ್ಷೇಪಣೆಗಳನ್ನು ಪರಿಗಣಿಸಿದ ಮಾತು ಇವೆಯೇ ನೋಡಿ.

ಅಧಿವೇಶನಗಳು ಚಿಕ್ಕದಾದಷ್ಟೂ ಈ 30 ದಿನ ಎರಡು ಮೂರು ಅಧಿವೇಶನಗಳಿಗೆ ಹಂಚಿಹೋಗುತ್ತದೆ. ನಿಯಮವಾದರೋ ರಾಜ್ಯಪತ್ರದಲ್ಲಿ ಬಂದ ದಿನದಿಂದಲೇ ಜನರ ಮೇಲೆ ನಡೆಯುತ್ತಿರುತ್ತದೆ. ಸಮಿತಿಗಳು ತಡವಾದ ಮಂಡನೆಯನ್ನು ಗಂಭೀರ ಲೋಪವೆಂದು ಬರೆಯುವುದು ಇದಕ್ಕೇ, ಅದು ನ್ಯಾಯವೂ ಹೌದು.

ಪ್ರಶ್ನೆ: ನಮ್ಮದು ಗಣಿ ಪ್ರದೇಶದ ಊರು. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದ ಬಗ್ಗೆ ದೆಹಲಿಗೆ ಬರೆಯಬೇಕೋ ಬೆಂಗಳೂರಿಗೋ?
– ಗ್ರಾಮ ಪಂಚಾಯಿತಿ ಸದಸ್ಯರು, ಚಿತ್ರದುರ್ಗ ತಾಲ್ಲೂಕು

ಉತ್ತರ: ಯಾವುದರ ಬಗ್ಗೆ ಬರೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಒಂದೇ ಹಣಕ್ಕೆ ಮೂರು ಕಡೆ ಲೆಕ್ಕ ಕೇಳುವವರಿದ್ದಾರೆ.

1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಗೆ 2015ರಲ್ಲಿ 9ಬಿ ಪ್ರಕರಣ ಸೇರಿತು. ಗಣಿಗಾರಿಕೆಯಿಂದ ಬಾಧಿತರಾದ ಜನರ, ಪ್ರದೇಶಗಳ ಹಿತಕ್ಕಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನ ಹುಟ್ಟಿದ್ದು ಅದರಿಂದಲೇ. ಗಣಿ ಗುತ್ತಿಗೆದಾರರು ರಾಜಧನದ (ರಾಯಲ್ಟಿ) ಎಷ್ಟು ಪಾಲನ್ನು ಅದಕ್ಕೆ ಕಟ್ಟಬೇಕೆಂಬುದನ್ನು ನಿಗದಿ ಮಾಡಿದ್ದು ಕೇಂದ್ರದ ನಿಯಮಗಳು. 2015ರ ಜನವರಿ 12ಕ್ಕೆ ಮುಂಚಿನ ಗುತ್ತಿಗೆಗಳಿಗೆ ರಾಜಧನದ ಶೇ 30, ಅಲ್ಲಿಂದ ಈಚಿನವಕ್ಕೆ ಶೇ 10. ಈ ಪ್ರಮಾಣ ಬದಲಾಗಬೇಕು ಎನ್ನುವುದಾದರೆ ಸಂಸತ್ತಿನ ಸಮಿತಿಗೆ ಬರೆಯಬೇಕು. ಪ್ರತಿಷ್ಠಾನದಲ್ಲಿ ಯಾರಿರಬೇಕು, ಅದರ ಕೆಲಸವೇನು ಎಂಬುದನ್ನು ರಾಜ್ಯ ಸರ್ಕಾರ ನಿಯಮದಲ್ಲಿ ಗೊತ್ತುಮಾಡುತ್ತದೆ. ಆ ನಿಯಮಗಳನ್ನು ರಾಜ್ಯ ವಿಧಾನಮಂಡಲದ ಮುಂದೆ ಇಡಬೇಕೆಂದು ಅದೇ ಕಾಯ್ದೆಯ 28ನೇ ಪ್ರಕರಣ ಹೇಳುತ್ತದೆ. ನಿಮ್ಮ ಗ್ರಾಮಸಭೆಯ ಮಾತಿಗೆ ನಿಯಮದಲ್ಲಿ ಸಾಕಷ್ಟು ಜಾಗವಿಲ್ಲ ಎನ್ನುವುದು ತಕರಾರಾದರೆ ಅದು ಬೆಂಗಳೂರಿನ ಅಧೀನ ಶಾಸನ ರಚನಾ ಸಮಿತಿಯ ವಿಷಯ. ಖರ್ಚು ಸರಿಯಾಗಿಲ್ಲ ಎಂಬ ದೂರು ಮೂರನೆಯ ಬಗೆಯದು. ಅದು ಲೆಕ್ಕ ಪರಿಶೋಧನೆಗೆ ಸೇರಿದ್ದು. ಮಹಾಲೇಖಪಾಲರ ವರದಿ ಸದನಕ್ಕೆ ಬಂದ ಮೇಲೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಕೈಗೆತ್ತಿಕೊಳ್ಳುತ್ತದೆ.

ಮೂರನ್ನೂ ಒಂದೇ ಮನವಿಯಲ್ಲಿ ಕಲಸಿ ಬರೆದರೆ ಯಾವ ಸಮಿತಿಗೂ ಅದು ತನ್ನದೆನಿಸದು. ಮೂರು ಮನವಿ ಬರೆಯಿರಿ.

ಪ್ರಶ್ನೆ: ನಾನು ಮೆಕ್ಕೆಜೋಳದ ವ್ಯಾಪಾರದಲ್ಲಿದ್ದೇನೆ. ಎಪಿಎಂಸಿ ಕಾನೂನು 2020ರಲ್ಲಿ ಒಂದು ಸಲ ಬದಲಾಯಿತು, 2023ರಲ್ಲಿ ಮತ್ತೆ ಬದಲಾಯಿಸಲು ಹೊರಟಾಗ ಮೇಲ್ಮನೆಯಲ್ಲಿ ನಿಂತಿತು. ಮೇಲ್ಮನೆ ಸಮಿತಿಗೆ ಕಳಿಸಿ ಎಷ್ಟು ಕಾಲ ಹಿಡಿದಿಡಬಹುದು?
– ದಲ್ಲಾಲರು, ದಾವಣಗೆರೆ

ಉತ್ತರ: 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಅಧಿನಿಯಮಕ್ಕೆ 2020ರಲ್ಲಿ ತಂದ ತಿದ್ದುಪಡಿ, ಪ್ರಾಂಗಣದ ಹೊರಗಿನ ವಹಿವಾಟಿನ ಮೇಲೆ ಮಾರುಕಟ್ಟೆ ಸಮಿತಿಗಳಿಗಿದ್ದ ಹಿಡಿತವನ್ನು ತೆಗೆದಿತ್ತು. ಅದನ್ನು ವಾಪಸ್ ತರುವ ಮಸೂದೆಯನ್ನು 2023ರ ಜುಲೈನಲ್ಲಿ ವಿಧಾನಸಭೆ ಅಂಗೀಕರಿಸಿತು, ವಿಧಾನ ಪರಿಷತ್ತು ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಹಳೆಯ ಕಾನೂನು ಮತ್ತು ಅದರ ತಿದ್ದುಪಡಿ ಎರಡರ ಅನುಭವವೂ ಕಣ್ಣ ಮುಂದಿರುವಾಗ ಸಮಿತಿಗೆ ಹೋಗುವುದು ಒಳ್ಳೆಯದೇ. ಹಮಾಲರು, ರೈತರು, ವರ್ತಕರು ತಮ್ಮ ಲೆಕ್ಕ ಇಡಲು ಸಿಗುವ ಜಾಗ ಅದೊಂದೇ.

ಕಾಲಮಿತಿಯನ್ನು ಸಂವಿಧಾನದ 197ನೇ ವಿಧಿ ಹೇಳುತ್ತದೆ. ಮಸೂದೆ ಮೇಲ್ಮನೆಯಲ್ಲಿ ಮಂಡನೆಯಾದ ದಿನದಿಂದ ಮೂರು ತಿಂಗಳೊಳಗೆ ಅದು ಅಂಗೀಕರಿಸದಿದ್ದರೆ, ವಿಧಾನಸಭೆ ಮತ್ತೊಮ್ಮೆ ಅಂಗೀಕರಿಸಿ ಕಳಿಸಬಹುದು. ಎರಡನೇ ಬಾರಿ ಮೇಲ್ಮನೆಗಿರುವುದು ಒಂದೇ ತಿಂಗಳು. ಅದೂ ಕಳೆದರೆ ವಿಧಾನಸಭೆ ಅಂಗೀಕರಿಸಿದ ರೂಪದಲ್ಲೇ ಎರಡೂ ಸದನ ಒಪ್ಪಿದಂತೆ. ಧನ ಮಸೂದೆಗೆ (ಮನಿ ಬಿಲ್) ಈ ದಾರಿಯಲ್ಲ, ಅದಕ್ಕೆ ಕೇವಲ 14 ದಿನ. ಸಮಿತಿಗೆ ಕಳಿಸಿದ ಮಾತ್ರಕ್ಕೆ ಈ ಗಡಿಯಾರ ನಿಲ್ಲುವುದಿಲ್ಲ.

ಎರಡೂ ಸದನದವರು ಸೇರಿ ಪರಿಶೀಲಿಸುವುದೂ ಉಂಟು. 2024ರ ಜುಲೈನಲ್ಲಿ ಬಂದ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನು ಜಂಟಿ ಪರಿಶೀಲನಾ ಸಮಿತಿಗೆ ವಹಿಸಲಾಗಿತ್ತು. ಸಮಿತಿ ವರದಿ ಕೊಟ್ಟ ಮೇಲೆ 2025ರ ಮಾರ್ಚ್‌ನಲ್ಲಿ ಅದು ಅಂಗೀಕಾರವಾಯಿತು.

ಪ್ರಶ್ನೆ: ಸರ್ಕಾರ ರಚಿಸುವ ಸಮಿತಿ, ಸದನ ಸಮಿತಿ ಎರಡೂ ಒಂದೇ ಅಲ್ಲವೇ?
– ಓದುಗರು, ಹೊಳಲ್ಕೆರೆ

ಉತ್ತರ: ಅಲ್ಲ. ಪಂಚಾಯತ್ ರಾಜ್ ಅಧಿನಿಯಮದ ತಿದ್ದುಪಡಿಗೆ ಕೆ.ಆರ್. ರಮೇಶ್ ಕುಮಾರ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ್ದು ಸರ್ಕಾರ ನೇಮಿಸಿದ ಸಮಿತಿ. ಅಧ್ಯಕ್ಷರು ಶಾಸಕರಾಗಿದ್ದರೂ ವರದಿ ಹೋಗಿದ್ದು ಸರ್ಕಾರಕ್ಕೆ. ಬೆಂಗಳೂರಿನ ಭೂ ಒತ್ತುವರಿ ಕುರಿತು ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯಲ್ಲಿದ್ದುದು ವಿಧಾನಮಂಡಲದ ಜಂಟಿ ಸದನ ಸಮಿತಿ. ಸದನ ಸಮಿತಿ ದಾಖಲೆ ತರಿಸಬಹುದು, ಅಧಿಕಾರಿಗಳನ್ನು ಸಾಕ್ಷ್ಯಕ್ಕೆ ಕರೆಸಬಹುದು. ಬಾರದಿದ್ದರೆ ಅದು ಸದನದ ಹಕ್ಕುಚ್ಯುತಿಯ ಮಾತಾಗುತ್ತದೆ. ಸರ್ಕಾರ ಆದೇಶ ಹೊರಡಿಸಿ ಮಾಡುವ ಸಮಿತಿಗೆ ಆ ಬಲ ಇರುವುದಿಲ್ಲ.

ಪ್ರಶ್ನೆ: ಹೊಳೆಯ ಆಚೆ ಒಂದು ಕಾನೂನು, ಈಚೆ ಒಂದು ಕಾನೂನು ಇತ್ತು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಆ ಹಳೆಯ ಕಾನೂನುಗಳೆಲ್ಲ ಏನಾದವು? ಯಾರು ತೆಗೆದುಹಾಕುತ್ತಾರೆ?
– ನಿವೃತ್ತ ನೌಕರರು, ಹರಿಹರ

ಉತ್ತರ: ನಿಮ್ಮ ಅಜ್ಜ ಹೇಳಿದ್ದು ನಿಜ. 1956ರ ನವೆಂಬರ್ 1ಕ್ಕೆ ಮುಂಚೆ ಹರಿಹರ ಮೈಸೂರು ರಾಜ್ಯ, ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರು ಸೀಮೆ ಮುಂಬೈ ರಾಜ್ಯ. ಈಚೆ ಕಂದಾಯಕ್ಕೆ 1888ರ ಮೈಸೂರು ಭೂ ಕಂದಾಯ ಸಂಹಿತೆ, ಆಚೆಗೆ 1879ರ ಮುಂಬೈ ಸಂಹಿತೆ. ರಾಜ್ಯಗಳು ಒಂದಾದರೂ ಕಾನೂನುಗಳು ತಾವಾಗಿ ಒಂದಾಗಲಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಪ್ರಕರಣದಂತೆ, ಹೊಸ ಕಾನೂನು ಬರುವ ತನಕ ಆಯಾ ಪ್ರದೇಶದಲ್ಲಿ ಹಳೆಯದೇ ಮುಂದುವರಿಯಿತು. 1964ರ ಭೂ ಕಂದಾಯ ಅಧಿನಿಯಮ ಬಂದ ಮೇಲೆ ಎರಡೂ ದಡಕ್ಕೆ ಒಂದೇ ಕಾನೂನಾಯಿತು.

ತೆಗೆದುಹಾಕುವ ಅಧಿಕಾರ ಶಾಸಕಾಂಗಕ್ಕೆ ಮಾತ್ರ. ಯಾವುದನ್ನು ತೆಗೆಯಬೇಕೆಂದು ಕಾನೂನು ಆಯೋಗವೋ ಸಮಿತಿಯೋ ಪಟ್ಟಿ ಕೊಡುತ್ತದೆ, ಅವನ್ನು ರದ್ದುಮಾಡುವ ನಿರಸನ ಮಸೂದೆ ಬರುತ್ತದೆ. ಕೇಂದ್ರದಲ್ಲಿ 2014ರ ರಾಮಾನುಜಂ ಸಮಿತಿ 1,741 ಕಾಯ್ದೆಗಳನ್ನು ಗುರುತಿಸಿತು. ಮುಂದೆ 1,500ಕ್ಕೂ ಹೆಚ್ಚು ರದ್ದಾದವು. ಈ ಸಂಖ್ಯೆ ನೋಡಿ ಬೆರಗಾಗುವ ಅಗತ್ಯವಿಲ್ಲ. ಅವುಗಳಲ್ಲಿ ಬಹಳಷ್ಟು ಧನವಿನಿಯೋಗ ಕಾಯ್ದೆಗಳು ಮತ್ತು ತಿದ್ದುಪಡಿ ಕಾಯ್ದೆಗಳು. ಆ ವರ್ಷದ ಖರ್ಚಿಗೆ ಒಪ್ಪಿಗೆ ಕೊಟ್ಟ ಮೇಲೆ ಧನವಿನಿಯೋಗ ಕಾಯ್ದೆಯ ಕೆಲಸ ಮುಗಿಯಿತು. ತಿದ್ದುಪಡಿಯೂ ಮೂಲದಲ್ಲಿ ಸೇರಿದ ಮೇಲೆ ಬರೀ ಹೆಸರಿಗೆ ಉಳಿದಿರುತ್ತದೆ.

ಕಷ್ಟದ ಕೆಲಸ ಬೇರೆಯದು. ಇನ್ನೂ ಯಾರದೋ ಜಮೀನು, ಪಿಂಚಣಿ, ಇನಾಮು ನಿಂತಿರುವ ಹಳೆಯ ಕಾನೂನನ್ನು ತೆಗೆಯುವಾಗ ಉಳಿಕೆ ಖಂಡವನ್ನು, ಅಂದರೆ ಹಳೆಯ ಹಕ್ಕುಗಳನ್ನು ಉಳಿಸಿಕೊಡುವ ಮಾತನ್ನು, ಎಚ್ಚರದಿಂದ ಬರೆಯಬೇಕು. ಸಾಮಾನ್ಯ ಖಂಡಗಳ ಅಧಿನಿಯಮದ 6ನೇ ಪ್ರಕರಣ ಆಗಲೇ ಹುಟ್ಟಿದ ಹಕ್ಕು, ನಡೆಯುತ್ತಿರುವ ಮೊಕದ್ದಮೆಗಳನ್ನು ಕಾಯುತ್ತದೆ. ಹಾಗಾಗಿ ಹಳೆಯ ಕಾನೂನು ರದ್ದಾಯಿತು ಎಂದು ಯಾರೋ ಹೇಳಿದೊಡನೆ ನಿಮ್ಮ ಹಳೆಯ ಪಹಣಿ, ಹಕ್ಕುಪತ್ರಗಳನ್ನು ಮೂಲೆಗೆ ಹಾಕಬೇಡಿ.

ಪ್ರಶ್ನೆ: ಒಂದು ಕಾನೂನಿನ ತೊಂದರೆಯನ್ನು ಸಮಿತಿಯ ಗಮನಕ್ಕೆ ತರಬೇಕು. ಮನವಿ ಹೇಗೆ ಬರೆಯಬೇಕು? ಹಿಂದೆ ಹತ್ತು ಪುಟ ಬರೆದು ಕಳಿಸಿದರೂ ಉತ್ತರ ಬರಲಿಲ್ಲ.
– ಅಡಿಕೆ ಬೆಳೆಗಾರರು, ಚನ್ನಗಿರಿ

ಉತ್ತರ: ಹತ್ತು ಪುಟವೇ ತೊಡಕಾಗಿರಬಹುದು. ಸಮಿತಿಗೆ ಬರುವ ಕಾಗದವನ್ನು ಮೊದಲು ಓದುವುದು ವಿಧಾನಸಭೆ ಅಥವಾ ಪರಿಷತ್ತಿನ ಸಚಿವಾಲಯದ ಸಿಬ್ಬಂದಿ. ಇದು ಯಾವ ಕಾನೂನು, ಯಾವ ಇಲಾಖೆ, ಯಾವ ಸಮಿತಿ ಎಂಬುದು ಅವರಿಗೆ ಮೊದಲ ಪುಟದಲ್ಲೇ ಸಿಗಬೇಕು. ಎರಡು ಪುಟ ಸಾಕು.

ವಿಷಯದ ಸಾಲಿನಲ್ಲೇ ಅಧಿನಿಯಮದ ಪೂರ್ಣ ಹೆಸರು, ವರ್ಷ, ಪ್ರಕರಣ ಅಥವಾ ನಿಯಮದ ಸಂಖ್ಯೆ ಹಾಕಿ. ಮೊದಲ ಪ್ಯಾರಾದಲ್ಲಿ ಆ ನಿಯಮದ ಮಾತನ್ನು ಇದ್ದಂತೆಯೇ ಎತ್ತಿ ಬರೆಯಿರಿ. ಎರಡನೆಯದರಲ್ಲಿ ಅದರಿಂದ ಆಗುತ್ತಿರುವ ತೊಂದರೆಯನ್ನು ದಿನಾಂಕ, ಅರ್ಜಿ ಸಂಖ್ಯೆ, ಹಿಂಬರಹದ ಸಂಖ್ಯೆ ಸಹಿತ ಹೇಳಿ. ನಿಮ್ಮೊಬ್ಬರದಲ್ಲ, ಒಂದೇ ಬಗೆಯ ಐದಾರು ಉದಾಹರಣೆಗಳಿದ್ದರೆ ಒಂದು ಚಿಕ್ಕ ಕೋಷ್ಟಕ ಮಾಡಿ. ಮೂರನೆಯದರಲ್ಲಿ ಏನು ಬದಲಾಗಬೇಕೆಂದು ತಿದ್ದುಪಡಿಯ ಭಾಷೆಯಲ್ಲೇ ಬರೆಯಿರಿ. ಹೆಚ್ಚಿನವರು ಈ ಮೂರನೆಯದನ್ನು ಬಿಡುತ್ತಾರೆ. ಸಮಿತಿಗೆ ಬೇಕಾಗಿರುವುದೇ ಅದು.

ಉದಾಹರಣೆಗೆ, ಸರ್ಕಾರಿ ಸೇವೆಯನ್ನು ಗೊತ್ತಾದ ದಿನಗಳೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾನೂನನ್ನು ತೆಗೆದುಕೊಳ್ಳಿ. ‘ಅಧಿಕಾರಿಗಳು ಕಾಲಮಿತಿ ಪಾಲಿಸುತ್ತಿಲ್ಲ, ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಬರೆದರೆ ಸಮಿತಿ ಅದನ್ನು ಇಲಾಖೆಗೆ ಕಳಿಸುತ್ತದೆ, ಇಲಾಖೆಯಿಂದ ‘ಸೂಚನೆ ನೀಡಲಾಗಿದೆ’ ಎಂಬ ಉತ್ತರ ಬರುತ್ತದೆ, ಕಡತ ಮುಗಿಯುತ್ತದೆ. ಅದನ್ನೇ ಹೀಗೆ ಬರೆಯಿರಿ: ‘ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ನಿಗದಿಯಾಗಿದೆ. 25 ದಿನ ದಾಟಿದ ಮೇಲೆ ವಿಳಂಬ ಎಷ್ಟೇ ಆದರೂ ಮೊತ್ತ ಏರುವುದಿಲ್ಲ. ಗರಿಷ್ಠ ಮಿತಿಯನ್ನು ಪರಿಷ್ಕರಿಸಬೇಕು.’ ಇದಕ್ಕೆ ಇಲಾಖೆ ‘ಸೂಚನೆ ನೀಡಲಾಗಿದೆ’ ಎಂದು ಉತ್ತರಿಸಲು ಬರುವುದಿಲ್ಲ. ಹೌದು ಎನ್ನಬೇಕು, ಇಲ್ಲವೇ ಯಾಕೆ ಬೇಡವೆಂದು ಕಾರಣ ಕೊಡಬೇಕು.

ಜನರು ಸದನಕ್ಕೆ ಕೊಡುವ ಅರ್ಜಿಗಳನ್ನು ನೋಡುವ ಅರ್ಜಿಗಳ ಸಮಿತಿಯ ದಾರಿ ಸ್ವಲ್ಪ ಬೇರೆ. ಅರ್ಜಿಯನ್ನು ಸದನವನ್ನುದ್ದೇಶಿಸಿ ಬರೆಯಬೇಕು. ಹೆಸರು, ವಿಳಾಸ, ಸಹಿ ಇರಬೇಕು, ಭಾಷೆ ಗೌರವದ್ದಾಗಿರಬೇಕು. ಲೋಕಸಭೆಯ ನಿಯಮದಂತೆ ಅರ್ಜಿಗೆ ಪತ್ರ, ಅಫಿಡವಿಟ್, ದಾಖಲೆಗಳನ್ನು ಲಗತ್ತಿಸುವಂತಿಲ್ಲ. ಸದಸ್ಯರ ಮೂಲಕ ಸದನಕ್ಕೆ ಒಪ್ಪಿಸುವುದಾದರೆ ಅವರ ಮೇಲುಸಹಿ ಬೇಕು. ನ್ಯಾಯಾಲಯದಲ್ಲಿರುವ ವಿಷಯ ನಡೆಯದು. ಸದನಗಳ ನಿಯಮಾವಳಿಯಲ್ಲಿ ನಮೂನೆ ಇರುತ್ತದೆ, ಆ ನಮೂನೆಯಲ್ಲೇ ಬರೆಯಿರಿ. ಆಧಾರ ಕಾಗದಗಳನ್ನು ಜೋಪಾನವಾಗಿಟ್ಟುಕೊಂಡಿರಿ, ಸಮಿತಿ ಕರೆದರೆ ಒಯ್ಯಲು ಬೇಕಾಗುತ್ತವೆ.

ಇನ್ನೊಂದು ಮಾತು. ಸಮಿತಿ ಜಿಲ್ಲೆಗೆ ಪ್ರವಾಸ ಬಂದಾಗ ಸಾಮಾನ್ಯವಾಗಿ ಜಿಲ್ಲಾಧಿಕಾರಿ ಕಚೇರಿ ಅಥವಾ ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಅಧಿಕಾರಿಗಳ ಸಭೆ ನಡೆಸುತ್ತದೆ. ಬಾಗಿಲಲ್ಲಿ ನಿಂತು ಮನವಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಆದರೆ ಸಭೆಯ ಕಾರ್ಯಸೂಚಿ ಆ ಹೊತ್ತಿಗೆ ಗಟ್ಟಿಯಾಗಿರುತ್ತದೆ. ನಿಮ್ಮ ವಿಷಯ ಕಾರ್ಯಸೂಚಿಗೆ ಬರಬೇಕಾದರೆ ಪ್ರವಾಸಕ್ಕೆ ವಾರಗಳ ಮುಂಚೆಯೇ ವಿಧಾನಸೌಧದಲ್ಲಿ ಅದು ದಾಖಲಾಗಿರಬೇಕು.

ಪ್ರಶ್ನೆ: ಸಮಿತಿ ವರದಿಗಳನ್ನು ಓದಲು ಹೋದರೆ ನೂರಾರು ಪುಟ. ಎಲ್ಲಿಂದ ಶುರುಮಾಡಬೇಕು? ಪ್ರತಿ ಹೇಗೆ ಪಡೆಯುವುದು?
– ಪತ್ರಕರ್ತರು, ಚಳ್ಳಕೆರೆ

ಉತ್ತರ: ಮೂಲ ವರದಿಯಲ್ಲಿ ಪ್ಯಾರಾಗಳಿಗೆ ಸಂಖ್ಯೆ ಇರುತ್ತದೆ, ಶಿಫಾರಸುಗಳನ್ನು ದಪ್ಪ ಅಕ್ಷರದಲ್ಲಿ ಅಥವಾ ಕೊನೆಯಲ್ಲಿ ಒಟ್ಟಿಗೆ ಕೊಟ್ಟಿರುತ್ತಾರೆ. ಅದನ್ನು ಓದಿ, ಪ್ಯಾರಾ ಸಂಖ್ಯೆ ಹಿಡಿದು ಹಿಂದಕ್ಕೆ ಹೋಗಿ ಇಲಾಖೆ ಏನು ಹೇಳಿತ್ತು ನೋಡಿ. ಆದರೆ ಸುದ್ದಿ ಇರುವುದು ಮೂಲ ವರದಿಗಿಂತ ಹೆಚ್ಚಾಗಿ ಕ್ರಮ ಕೈಗೊಂಡ ವರದಿಯಲ್ಲಿ, ಅಂದರೆ ಶಿಫಾರಸುಗಳ ಮೇಲೆ ಸರ್ಕಾರ ಏನು ಮಾಡಿತು ಎಂದು ಹೇಳುವ ನಂತರದ ವರದಿಯಲ್ಲಿ. ಸಂಸತ್ತಿನ ಸಮಿತಿಗಳು ಅದನ್ನು ಐದು ಅಧ್ಯಾಯ ಮಾಡುತ್ತವೆ. ಮೊದಲನೆಯದು ಸಮಿತಿಯ ಟೀಕೆ. ಎರಡನೆಯದು ಸರ್ಕಾರ ಒಪ್ಪಿದ ಶಿಫಾರಸು. ಮೂರನೆಯದು ಸರ್ಕಾರದ ಉತ್ತರ ನೋಡಿ ಸಮಿತಿ ಮುಂದುವರಿಸದೆ ಬಿಟ್ಟದ್ದು. ನಾಲ್ಕನೆಯದು ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದೆ ಇದ್ದದ್ದು. ಐದನೆಯದು ಅಂತಿಮ ಉತ್ತರ ಇನ್ನೂ ಬಾರದ್ದು. ನಾಲ್ಕು ಮತ್ತು ಐದನ್ನು ಮೊದಲು ಓದಿ. ಇಲಾಖಾವಾರು ಸಮಿತಿಗಳ ವರದಿಗೆ ಸರ್ಕಾರ ಮೂರು ತಿಂಗಳಲ್ಲಿ ಉತ್ತರಿಸಬೇಕು. ಐದನೇ ಅಧ್ಯಾಯ ದಪ್ಪಗಿದ್ದರೆ ಇಲಾಖೆ ಕಾಲ ತಳ್ಳುತ್ತಿದೆ ಎಂದೇ ಅರ್ಥ.

ಎರಡನೇ ಅಧ್ಯಾಯವನ್ನೂ ಕಣ್ಣುಮುಚ್ಚಿ ನಂಬಬೇಡಿ. ‘ಒಪ್ಪಲಾಗಿದೆ, ರಾಜ್ಯಗಳಿಗೆ ಪತ್ರ ಬರೆಯಲಾಗಿದೆ’ ಎಂಬ ಉತ್ತರವೂ ಅಲ್ಲೇ ಸೇರಿರುತ್ತದೆ. ಒಪ್ಪಿದ ಶಿಫಾರಸಿಗೆ ತಿದ್ದುಪಡಿ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಇದೆಯೇ ಹುಡುಕಿ.

ಸದನದಲ್ಲಿ ಮಂಡನೆಯಾದ ವರದಿ ಸಾರ್ವಜನಿಕ ದಾಖಲೆ. ಜಾಲತಾಣದಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದಗಳೊಳಗೆ. ಮಂಡನೆಗೆ ಮುಂಚಿನ ಕರಡನ್ನು ಕೇಳಬೇಡಿ, ಸಿಗುವುದಿಲ್ಲ. ಸಿಕ್ಕಿತೆಂದು ಪ್ರಕಟಿಸಿದರೆ ಹಕ್ಕುಚ್ಯುತಿಯಾಗುತ್ತದೆ. ಸಾಕ್ಷ್ಯದ ವಿವರಕ್ಕೂ ಇದೇ ಮಾತು.

ಪ್ರಶ್ನೆ: ಸಮಿತಿಯ ಶಿಫಾರಸು ಸರ್ಕಾರದ ಮೇಲೆ ಕಡ್ಡಾಯವಲ್ಲ ಎಂದಾದರೆ ಅದನ್ನು ನ್ಯಾಯಾಲಯದಲ್ಲಿ ಬಳಸಲು ಬರುತ್ತದೆಯೇ?
– ಕಾನೂನು ವಿದ್ಯಾರ್ಥಿ, ಹೊಸದುರ್ಗ

ಉತ್ತರ: ಕಡ್ಡಾಯವಲ್ಲ, ನಿಜ. ಬಳಸಲು ಬರುತ್ತದೆ. ಕಲ್ಪನಾ ಮೆಹ್ತಾ ಪ್ರಕರಣದಲ್ಲಿ 2018ರ ಮೇ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಗೆರೆ ಎಳೆದಿದೆ. ಸಂಸದೀಯ ಸಮಿತಿಯ ವರದಿಯನ್ನು ನ್ಯಾಯಾಲಯ ಗಮನಕ್ಕೆ ತೆಗೆದುಕೊಳ್ಳಬಹುದು, ಕಾನೂನಿನ ಅರ್ಥ ತಿಳಿಯಲು ನೆರವು ಪಡೆಯಬಹುದು. ಆದರೆ ವರದಿಯೇ ತಪ್ಪೆಂದು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ, ಅದರ ಸಿಂಧುತ್ವವನ್ನು ಕೆಣಕುವಂತಿಲ್ಲ. ವಿವಾದದಲ್ಲಿರುವ ಸಂಗತಿಯನ್ನು ವರದಿಯೊಂದರಿಂದಲೇ ಸಾಬೀತುಮಾಡಲು ಹೊರಡಬೇಡಿ, ಸ್ವತಂತ್ರ ಸಾಕ್ಷ್ಯ ಒದಗಿಸಿಕೊಳ್ಳಿ.

ಪ್ರಶ್ನೆ: ಚುನಾವಣೆ ಬಂದರೆ ಸಮಿತಿಯ ಮುಂದಿದ್ದ ಮನವಿ ಏನಾಗುತ್ತದೆ?
– ಮಹಿಳಾ ಸಂಘದ ಸದಸ್ಯೆ, ನ್ಯಾಮತಿ

ಉತ್ತರ: ವಿಧಾನಸಭೆ ವಿಸರ್ಜನೆಯಾದೊಡನೆ ಅದರ ಸಮಿತಿಗಳೂ ಮುಗಿದವು. ಅಧಿವೇಶನ ಮುಂದೂಡಿದರೆ ಅಥವಾ ಮುಕ್ತಾಯವಾದರೆ ಹಾಗಲ್ಲ, ಕೆಲಸ ಮುಂದುವರಿಯುತ್ತದೆ. ವಿಧಾನ ಪರಿಷತ್ತು ವಿಸರ್ಜನೆಯಾಗುವ ಸದನವಲ್ಲ, ಆದ್ದರಿಂದ ಅದರ ಸಮಿತಿಯ ಮುಂದೆ ಇದ್ದ ವಿಷಯಕ್ಕೆ ಚುನಾವಣೆಯ ಭಯ ಕಡಿಮೆ. ಮಸೂದೆಗಳಿಗೂ 196ನೇ ವಿಧಿಯಲ್ಲಿ ಇದೇ ಬಗೆಯ ವ್ಯತ್ಯಾಸವಿದೆ: ವಿಧಾನಸಭೆಯಲ್ಲಿ ಬಾಕಿಯಿದ್ದ ಮಸೂದೆಯೂ, ಅಲ್ಲಿ ಅಂಗೀಕಾರವಾಗಿ ಪರಿಷತ್ತಿನಲ್ಲಿ ಬಾಕಿಯಿದ್ದ ಮಸೂದೆಯೂ ವಿಸರ್ಜನೆಯೊಂದಿಗೆ ಬಿದ್ದುಹೋಗುತ್ತವೆ. ಪರಿಷತ್ತಿನಲ್ಲೇ ಹುಟ್ಟಿ ವಿಧಾನಸಭೆಗೆ ಇನ್ನೂ ಹೋಗದ ಮಸೂದೆ ಉಳಿಯುತ್ತದೆ.

ಹೊಸ ವಿಧಾನಸಭೆ ಬಂದು ಸಮಿತಿಗಳು ರಚನೆಯಾಗಲು ತಿಂಗಳುಗಳೇ ಹಿಡಿಯಬಹುದು. ರಚನೆಯ ಅಧಿಸೂಚನೆ ಬಂದ ಮೇಲೆ ಹಳೆಯ ಮನವಿಯ ಪ್ರತಿ, ಅದು ತಲುಪಿದ ದಿನಾಂಕ, ಹಿಂದಿನ ಸಮಿತಿ ಇಲಾಖೆಯಿಂದ ವರದಿ ತರಿಸಿಕೊಂಡಿದ್ದರೆ ಆ ಪತ್ರದ ಸಂಖ್ಯೆ ಇವಿಷ್ಟನ್ನೂ ಸೇರಿಸಿ ಹೊಸದಾಗಿ ಕಳಿಸಿ. ಇಲಾಖೆ ಆಗಲೇ ಉತ್ತರ ಕೊಟ್ಟಿದ್ದರೆ ಹೊಸ ಸಮಿತಿ ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ.